ಭೂಮಿ, ಧರ್ಮ, ಹಕ್ಕು: ನಾಡುಗಳು ರೂಪುಗೊಂಡ ಬಗೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ, ರೈತ ಸಭೆಗಳಲ್ಲಿ, ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ. ಸರಳವಾದವು ಮೊದಲು ಬರುತ್ತವೆ.

## ಮೊದಲ ಪ್ರಶ್ನೆಗಳು

ಚರಿತ್ರೆ ಅಂದರೆ ರಾಜರು, ಯುದ್ಧಗಳು. ಜಮೀನಿನ ತಕರಾರಿಗೆ ಅದರಲ್ಲಿ ಯಾಕೆ ಇಷ್ಟು ಜಾಗ?

ರಾಜನ ಸೈನ್ಯಕ್ಕೆ ಸಂಬಳ ಬರುತ್ತಿದ್ದುದು ಕಂದಾಯದಿಂದ, ಕಂದಾಯ ಬರುತ್ತಿದ್ದುದು ಹೊಲದಿಂದ. ಆದ್ದರಿಂದ ಹೊಲ ಯಾರದು, ಅದರ ಫಸಲಿನಲ್ಲಿ ಯಾರಿಗೆ ಎಷ್ಟು ಪಾಲು ಎಂಬುದು ಆಡಳಿತದ ಅಡಿಗಲ್ಲಾಗಿತ್ತು. ಯಾರ ಮಾತಿಗೆ ಬೆಲೆ ಎಂಬುದೂ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ನೆನೆಯಲೂ ಬೇಕು. ಆದರೆ ಆ ಸಭೆಗೆ ಕರೆಬಂದದ್ದು ಮುಖ್ಯವಾಗಿ ಹೆಚ್ಚು ಕಂದಾಯ ಕಟ್ಟುವ ಭೂಮಾಲೀಕರಿಗೆ ಮತ್ತು ವರ್ತಕರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುವವನು ಪ್ರಜೆಯಾಗಿದ್ದ, ಪ್ರತಿನಿಧಿಯಾಗಲು ಅರ್ಹನಾಗಿರಲಿಲ್ಲ. ಇಂಗ್ಲೆಂಡಿನಲ್ಲಿಯೂ ಮತದಾನಕ್ಕೆ ಆಸ್ತಿಯೇ ಅಳತೆಗೋಲಾಗಿತ್ತು. 1838ರ ಚಾರ್ಟಿಸ್ಟ್ ಚಳವಳಿಯ ಕಾರ್ಮಿಕರು ಅದನ್ನು ತೆಗೆದುಹಾಕಿ ಎಂದು ಕೇಳಬೇಕಾಯಿತು. ಭಾರತದಲ್ಲಿ ಆಸ್ತಿಯಿಲ್ಲದವರಿಗೆಲ್ಲ ಮತದ ಹಕ್ಕು ದೊರೆತದ್ದು 1950ರ ಸಂವಿಧಾನದಿಂದ.

ಧರ್ಮ ಮನಸ್ಸಿಗೆ ಸಂಬಂಧಿಸಿದ್ದು. ಅದನ್ನು ಜಮೀನಿನ ಜೊತೆ ಯಾಕೆ ಸೇರಿಸುತ್ತೀರಿ?

ಸೇರಿಸಿದವರು ನಾವಲ್ಲ, ನಮ್ಮ ಊರುಗಳ ಶಾಸನಗಳೇ ಸೇರಿಸಿವೆ. ಈ ಜಿಲ್ಲೆಗಳ ಹಳೆಯ ದೇವಾಲಯದ ಅಂಗಳದಲ್ಲಿಯೋ ಕೆರೆಯ ಏರಿಯ ಮೇಲೋ ನಿಂತಿರುವ ದತ್ತಿ ಶಾಸನವನ್ನು ಹತ್ತಿರದಿಂದ ನೋಡಿ. ಮೇಲ್ಭಾಗದಲ್ಲಿ ಸೂರ್ಯಚಂದ್ರರು, ಲಿಂಗ ಇಲ್ಲವೇ ಶಂಖಚಕ್ರ; ನಡುವೆ ಕೊಟ್ಟ ಗದ್ದೆಯ ಎಲ್ಲೆ, ಕೆರೆಯ ಹೆಸರು, ಪಡೆದವರ ಹೆಸರು; ಕೊನೆಯಲ್ಲಿ ಶಾಪ. ತಾನು ಕೊಟ್ಟದ್ದಿರಲಿ, ಬೇರೆಯವರು ಕೊಟ್ಟದ್ದಿರಲಿ, ದತ್ತಿಯ ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ ನಾಡಿನುದ್ದಕ್ಕೂ ಕಾಣಸಿಗುತ್ತದೆ. ನೋಂದಣಿ ಕಚೇರಿಯಿಲ್ಲದ ಕಾಲದಲ್ಲಿ ಹಕ್ಕುಪತ್ರಕ್ಕೆ ಬಲ ಕೊಟ್ಟದ್ದು ಈ ಪಾಪಭಯ. ಮಠ, ದೇವಸ್ಥಾನ, ಮಸೀದಿ, ದರ್ಗಾಗಳಿಗೆ ಬೇರೆ ಬೇರೆ ಅರಸರು ಕೊಟ್ಟ ಇನಾಂ ಜಮೀನುಗಳೆಲ್ಲವೂ ಇದೇ ಸಾಲಿನವು.

ಯೂರೋಪಿನಲ್ಲಿಯೂ ಚರ್ಚು ಬಹುದೊಡ್ಡ ಭೂಮಾಲೀಕನಾಗಿತ್ತು. ಇಂಗ್ಲೆಂಡಿನ ಎಂಟನೆಯ ಹೆನ್ರಿ 1536ರಿಂದ 1540ರವರೆಗೆ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಅವುಗಳ ಜಮೀನನ್ನು ವಶಪಡಿಸಿಕೊಂಡ. ಅದನ್ನು ಕೊಂಡ ಕುಟುಂಬಗಳಿಗೆ ಹಳೆಯ ಮತ ಮರಳಿ ಬರುವುದು ಲಾಭದ ಮಾತಾಗಿರಲಿಲ್ಲ. ಫ್ರಾನ್ಸಿನ ಕ್ರಾಂತಿಯ ಸಭೆ 1789ರ ನವೆಂಬರ್ 2ರಂದು ಚರ್ಚಿನ ಆಸ್ತಿಯನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. ನಂಬಿಕೆಯ ಪ್ರಶ್ನೆ ಎಂದು ನಾವು ಓದುವ ಅನೇಕ ಸಂಘರ್ಷಗಳ ಕೆಳಗೆ ಒಂದು ಜಮೀನಿನ ಲೆಕ್ಕವಿರುತ್ತದೆ. ಹಾಗೆಂದು ನಂಬಿಕೆಯನ್ನು ಬರಿಯ ನೆಪವೆಂದು ತಳ್ಳಿಹಾಕುವುದೂ ತಪ್ಪು. ಜನ ಅದಕ್ಕಾಗಿ ನಿಜವಾಗಿಯೂ ಪ್ರಾಣ ಕೊಟ್ಟಿದ್ದಾರೆ.

## ಬೇರೆ ನಾಡುಗಳ ಚರಿತ್ರೆ

ಭೂಮಿ, ಧರ್ಮ, ಹಕ್ಕು ಮೂರನ್ನೂ ಒಟ್ಟಿಗೆ ಕೇಳಿದ ಹೋರಾಟ ಯಾವುದಾದರೂ ಇದೆಯೇ?

ಇದೆ. 1525ರಲ್ಲಿ ದಕ್ಷಿಣ ಜರ್ಮನಿಯ ಮೆಮ್ಮಿಂಗೆನ್ ಪಟ್ಟಣದಲ್ಲಿ ರೈತರ ಪರವಾಗಿ ಹನ್ನೆರಡು ಬೇಡಿಕೆಗಳ ಒಂದು ಪತ್ರ ಸಿದ್ಧವಾಯಿತು. ಮೊದಲನೆಯ ಬೇಡಿಕೆ, ತಮ್ಮ ಊರಿನ ಪಾದ್ರಿಯನ್ನು ಊರವರೇ ಆರಿಸಬೇಕು ಎಂಬುದು. ಮುಂದಿನದು ಚರ್ಚಿಗೆ ಕೊಡುವ ದಶಾಂಶ ಊರಿನ ಪಾದ್ರಿಗೂ ಬಡವರಿಗೂ ಬಳಕೆಯಾಗಬೇಕು ಎಂಬುದು. ಕ್ರಿಸ್ತನು ಎಲ್ಲರಿಗಾಗಿಯೂ ರಕ್ತ ಸುರಿಸಿರುವುದರಿಂದ ಯಾರೂ ಯಾರ ಆಳೂ ಅಲ್ಲ, ಜೀತಪದ್ಧತಿ ಹೋಗಬೇಕು ಎಂದು ಮೂರನೆಯದರಲ್ಲಿ ಬರೆದರು. ಆಮೇಲೆ ಕಾಡಿನ ಸೌದೆ, ಹೊಳೆಯ ಮೀನು, ಹೆಚ್ಚಿಸಿದ ಗೇಣಿ, ಜಮೀನ್ದಾರರು ಒಳಹಾಕಿಕೊಂಡ ಊರಿನ ಹುಲ್ಲುಗಾವಲು ಇವೆಲ್ಲ ಬರುತ್ತವೆ. ಗೋಮಾಳ ಒತ್ತುವರಿಯ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಆ ಪತ್ರದ ಎಷ್ಟೋ ಸಾಲುಗಳು ಪರಿಚಿತವೆನಿಸುತ್ತವೆ.

ಧರ್ಮಸುಧಾರಣೆಯ ನಾಯಕ ಮಾರ್ಟಿನ್ ಲೂಥರ್ ರೈತರ ಪರ ನಿಲ್ಲಲಿಲ್ಲ. ದಂಗೆಯನ್ನು ಹತ್ತಿಕ್ಕಿ ಎಂದು ಅರಸರಿಗೆ ಕರೆಕೊಟ್ಟ. ಅದೇ ವರ್ಷದ ಮೇ ತಿಂಗಳಲ್ಲಿ ಫ್ರಾಂಕೆನ್‌ಹೌಸೆನ್‌ನಲ್ಲಿ ರೈತರ ಪಡೆ ಸೋತಿತು, ಅವರ ಜೊತೆಗಿದ್ದ ಪಾದ್ರಿ ಥಾಮಸ್ ಮುಂಟ್ಸರ್‌ನನ್ನು ಕೊಂದರು. 1555ರ ಆಗ್ಸ್‌ಬರ್ಗ್ ಒಪ್ಪಂದ, ಅರಸನ ಮತವೇ ಆ ನಾಡಿನ ಮತ ಎಂದು ವಿಧಿಸಿತು. ಊರಿಗೆ ತನ್ನ ಪಾದ್ರಿಯನ್ನು ಆರಿಸುವ ಹಕ್ಕು ಬೇಕು ಎಂಬಲ್ಲಿ ಆರಂಭವಾದದ್ದು, ಅರಸನೇ ಪ್ರಜೆಯ ಮತವನ್ನು ಆರಿಸುವಲ್ಲಿ ಮುಗಿಯಿತು. ಈ ಸೋಲಿಗೂ ಜರ್ಮನಿ ನೂರಾರು ವರ್ಷ ಚೂರುಚೂರು ಸಂಸ್ಥಾನಗಳಾಗಿ ಉಳಿದದ್ದಕ್ಕೂ ಸಂಬಂಧವಿದೆ ಎಂಬುದು ನನ್ನ ಅಭಿಪ್ರಾಯ.

ಐರ್ಲೆಂಡಿನ ಉದಾಹರಣೆಯನ್ನೇ ಯಾಕೆ ಅಷ್ಟು ಸಲ ಹೇಳುತ್ತೀರಿ?

ಒಂದು ಕಾನೂನು ಭೂಮಿಯ ಮೂಲಕ ಒಂದು ಧರ್ಮದವರನ್ನು ಹೇಗೆ ಹಿಂಡಬಹುದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಸಿಕ್ಕಿಲ್ಲ. 1609ರ ಸುಮಾರಿನಿಂದ ಉತ್ತರದ ಅಲ್‌ಸ್ಟರ್ ಪ್ರಾಂತದಲ್ಲಿ ಕ್ಯಾಥೊಲಿಕರಿಂದ ಕಿತ್ತುಕೊಂಡ ಜಮೀನಿನಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಪ್ರಾಟೆಸ್ಟಂಟರನ್ನು ನೆಲೆಗೊಳಿಸಲಾಯಿತು. 1641ರಲ್ಲಿ ಐರ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಭೂಮಿ ಕ್ಯಾಥೊಲಿಕರದ್ದಾಗಿತ್ತು. 1703ರ ಹೊತ್ತಿಗೆ ಅದು ಶೇ. 14ರ ಆಸುಪಾಸಿಗೆ ಇಳಿದಿತ್ತು. 1704ರಲ್ಲಿ ಜಾರಿಗೆ ಬಂದ ಕಾಯಿದೆ ಇನ್ನೂ ಸೂಕ್ಷ್ಮವಾಗಿ ಕೆಲಸ ಮಾಡಿತು: ಕ್ಯಾಥೊಲಿಕ್ ತಂದೆ ಸತ್ತರೆ ಜಮೀನು ಎಲ್ಲ ಗಂಡುಮಕ್ಕಳಿಗೂ ಸಮನಾಗಿ ಹರಿದು ಹಂಚಿಹೋಗಬೇಕು, ಹಿರಿಯ ಮಗ ಮತಾಂತರವಾದರೆ ಮಾತ್ರ ಪೂರ್ತಿ ಅವನಿಗೆ. ಕ್ಯಾಥೊಲಿಕರು ಜಮೀನು ಕೊಳ್ಳುವಂತಿರಲಿಲ್ಲ, 31 ವರ್ಷಕ್ಕಿಂತ ದೀರ್ಘವಾದ ಗುತ್ತಿಗೆ ಪಡೆಯುವಂತೆಯೂ ಇರಲಿಲ್ಲ.

1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ದೊರೆಯಿತು. ಅದೇ ಹೊತ್ತಿಗೆ ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಮತದಾನಕ್ಕೆ ಬೇಕಾದ ಜಮೀನಿನ ಅರ್ಹತೆಯನ್ನು 40 ಷಿಲಿಂಗಿನಿಂದ (2 ಪೌಂಡಿನಿಂದ) 10 ಪೌಂಡಿಗೆ, ಅಂದರೆ ಐದು ಪಟ್ಟು ಏರಿಸಿದರು. ಧರ್ಮದ ಬಾಗಿಲಲ್ಲಿ ಕೊಟ್ಟದ್ದನ್ನು ಭೂಮಿಯ ಬಾಗಿಲಲ್ಲಿ ಕಿತ್ತುಕೊಂಡ ಈ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಮರೆಯಬಾರದು.

1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿದಾಗ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಆಗಲೂ ಧಾನ್ಯ ಹಡಗೇರಿ ಹೊರಗೆ ಹೋಗುತ್ತಿತ್ತು. 1879ರಲ್ಲಿ ಮೈಕೆಲ್ ಡೇವಿಟ್ ಮತ್ತು ಪಾರ್ನೆಲ್ ನಾಯಕತ್ವದಲ್ಲಿ ಹುಟ್ಟಿದ ಲ್ಯಾಂಡ್ ಲೀಗ್, ನ್ಯಾಯವಾದ ಗೇಣಿ ಮತ್ತು ಒಕ್ಕಲೆಬ್ಬಿಸದ ಭರವಸೆಗಾಗಿ ಹೋರಾಡಿತು. 1903ರ ಕಾಯಿದೆಯಡಿ ಸರ್ಕಾರವೇ ಸಾಲ ಕೊಟ್ಟು ಗೇಣಿದಾರರು ಜಮೀನು ಕೊಳ್ಳುವಂತೆ ಮಾಡಿತು. ಅಷ್ಟರಲ್ಲಿ ಗೇಣಿಯ ಹೋರಾಟ ಸ್ವರಾಜ್ಯದ ಹೋರಾಟವಾಗಿ ಬೆಳೆದಿತ್ತು. 1920ರ ದಶಕದ ಆರಂಭದಲ್ಲಿ ದೇಶ ಎರಡಾದಾಗ ಬ್ರಿಟನ್ನಿನಲ್ಲಿ ಉಳಿದದ್ದು, ಮುನ್ನೂರು ವರ್ಷ ಹಿಂದೆ ಜಮೀನು ಕೈಬದಲಾಗಿದ್ದ ಆ ಉತ್ತರ ಭಾಗವೇ.

ಅಮೆರಿಕದಲ್ಲಿ ಗುಲಾಮಗಿರಿ ಹೋದ ಮೇಲೂ ಕಪ್ಪು ಜನರ ಬಡತನ ಯಾಕೆ ಹೋಗಲಿಲ್ಲ? ನಮ್ಮ ಜೀತಕ್ಕೂ ಅದಕ್ಕೂ ಹೋಲಿಕೆ ಇದೆಯೇ?

1865ರ ಜನವರಿಯಲ್ಲಿ ಸೇನಾಧಿಪತಿ ಶೆರ್ಮನ್, ಬಿಡುಗಡೆಯಾದ ಗುಲಾಮ ಕುಟುಂಬಗಳಿಗೆ ಕರಾವಳಿಯ ಜಮೀನಿನಲ್ಲಿ 40 ಎಕರೆಯವರೆಗೆ ಕೊಡುವ ಆದೇಶ ಹೊರಡಿಸಿದ. ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಆ ವರ್ಷವೇ ಅದನ್ನು ತಿರುವುಮುರುವು ಮಾಡಿ ಜಮೀನನ್ನು ಹಳೆಯ ಮಾಲೀಕರಿಗೆ ಮರಳಿಸಿದ. ಸ್ವತಂತ್ರರಾದವರು ಅದೇ ಮಾಲೀಕರ ಹೊಲವನ್ನು ವಾರಕ್ಕೆ, ಅಂದರೆ ಫಸಲಿನ ಪಾಲಿಗೆ, ಮಾಡಿ ಸಾಲದಲ್ಲಿ ಮುಳುಗಿದರು. 1870ರಲ್ಲಿ ಬಂದ ಮತದಾನದ ಹಕ್ಕು ದಕ್ಷಿಣದ ರಾಜ್ಯಗಳಲ್ಲಿ ನಿಜವಾಗಿ ಕೈಗೆ ಸಿಗಲು 1965ರ ಕಾನೂನು ಬೇಕಾಯಿತು.

ಹೋಲಿಕೆ ಇದ್ದೇ ಇದೆ. ನಮ್ಮಲ್ಲಿ 1975ರ ಸುಗ್ರೀವಾಜ್ಞೆ ಮತ್ತು 1976ರ ಕಾಯಿದೆಯಿಂದ ಜೀತ ರದ್ದಾಯಿತು, ಸಾಲ ಮನ್ನಾ ಆಯಿತು. ಆದರೆ ಮಾರನೆಯ ದಿನ ಬೆಳಗ್ಗೆ ಹೋಗಲು ಸ್ವಂತ ಹೊಲವಿಲ್ಲದ ಜೀತವಿಮುಕ್ತ, ಕೂಲಿಗೆ ಮತ್ತೆ ಯಾರ ಮನೆಯ ಮುಂದೆ ನಿಲ್ಲಬೇಕಾಯಿತು ಎಂಬುದನ್ನು ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ಕ್ರಾಂತಿಯಾದ ದೇಶಗಳಲ್ಲಾದರೂ ಭೂಮಿ ನಿಜವಾಗಿ ಹಂಚಿಕೆಯಾಯಿತೇ?

ಮೆಕ್ಸಿಕೋದ ಕಥೆ ಈ ಪ್ರಶ್ನೆಗೆ ಹೊಂದುತ್ತದೆ. 1856ರ ಕಾನೂನು ಚರ್ಚಿನ ಆಸ್ತಿಯನ್ನು ಒಡೆಯಲು ಹೊರಟಿತು, ಆದರೆ ಅದೇ ಏಟಿಗೆ ಹಳ್ಳಿಗಳ ಸಾಮೂಹಿಕ ಜಮೀನೂ ಮಾರಾಟಕ್ಕೆ ಬಿತ್ತು. ಲಾಭವಾದದ್ದು ದೊಡ್ಡ ಎಸ್ಟೇಟುಗಳಿಗೆ. ಅನೆನೆಕುಯಿಲ್ಕೊ ಎಂಬ ಹಳ್ಳಿಯವರು 1909ರಲ್ಲಿ ಎಮಿಲಿಯಾನೋ ಜಪಾಟಾನನ್ನು ತಮ್ಮ ಮುಖಂಡನನ್ನಾಗಿ ಆರಿಸಿ ಊರಿನ ಹಳೆಯ ಭೂದಾಖಲೆಗಳನ್ನು ಅವನ ಕೈಗಿಟ್ಟರು. ಬಂದೂಕು ಹಿಡಿದ ಮೇಲೂ ಅವನು ಆ ಕಾಗದಗಳನ್ನು ಜೋಪಾನ ಮಾಡಿದ. 1917ರ ಸಂವಿಧಾನದ 27ನೆಯ ವಿಧಿ, ಭೂಮಿಯ ಮೂಲ ಒಡೆತನ ರಾಷ್ಟ್ರದ್ದು ಎಂದು ಸಾರಿತು. ಚರ್ಚಿನ ಮೇಲೆ ಹೇರಿದ ನಿರ್ಬಂಧಗಳು 1926ರಿಂದ 1929ರ ರಕ್ತಸಿಕ್ತ ದಂಗೆಗೆ ಎಡೆಮಾಡಿದವು. ದೊಡ್ಡ ಪ್ರಮಾಣದ ಹಂಚಿಕೆ ನಡೆದದ್ದು 1934ರಿಂದ 1940ರವರೆಗೆ ಆಳಿದ ಕಾರ್ಡೆನಾಸ್ ಕಾಲದಲ್ಲಿ. 1992ರಲ್ಲಿ ಅದೇ ವಿಧಿಗೆ ತಿದ್ದುಪಡಿ ತಂದು ಹಂಚಿಕೆಯನ್ನು ನಿಲ್ಲಿಸಲಾಯಿತು. 1994ರ ಜನವರಿ 1ರಂದು ಚಿಯಾಪಾಸ್‌ನ ಮೂಲನಿವಾಸಿಗಳು ಜಪಾಟಾನ ಹೆಸರಿನಲ್ಲಿ ಬಂಡೆದ್ದರು.

## ನಮ್ಮ ಸೀಮೆ

ವಿದುರಾಶ್ವತ್ಥದಲ್ಲಿ ನಡೆದದ್ದು ಬಾವುಟದ ಗಲಾಟೆ ಅಷ್ಟೇ ಅಲ್ಲವೇ?

ಅಷ್ಟೇ ಅಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ಆ ಕ್ಷೇತ್ರದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲೇ ಇಲ್ಲ. ಅದೇ ತಿಂಗಳು ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ವಿದುರಾಶ್ವತ್ಥದಲ್ಲಿ ಜನ ಸೇರುವುದು ಹೊಸದಲ್ಲ. ಅಶ್ವತ್ಥವೃಕ್ಷಕ್ಕೆ, ಅಲ್ಲಿನ ನಾಗರಕಲ್ಲುಗಳಿಗೆ ಹರಕೆ ಹೊತ್ತು ಬರುವವರ ಜಾತ್ರೆ ಹಿಂದಿನಿಂದಲೂ ಇತ್ತು. ಸಭೆಗೆ ಬರಲು ಹಿಂಜರಿಯುವ ರೈತ ಜಾತ್ರೆಗೆ ಬರುತ್ತಾನೆ ಎಂಬುದನ್ನು ಚಳವಳಿಗಾರರು ಚೆನ್ನಾಗಿ ಅರಿತಿದ್ದರು.

ಅವರು ಕೇಳುತ್ತಿದ್ದುದು ಜವಾಬ್ದಾರಿ ಸರ್ಕಾರವನ್ನು, ಅಂದರೆ ಜನರಿಗೆ ಉತ್ತರ ಹೇಳಬೇಕಾದ ಮಂತ್ರಿಮಂಡಲವನ್ನು. 1937ರಲ್ಲಿ ಪ್ರಜಾ ಸಂಯುಕ್ತ ಪಕ್ಷವು ಕಾಂಗ್ರೆಸ್ಸಿನಲ್ಲಿ ವಿಲೀನವಾದ ಮೇಲೆ ಪೇಟೆಯ ಚಳವಳಿಗೆ ಹಳ್ಳಿಯ ಒಕ್ಕಲುಮಕ್ಕಳ ಬಲ ಬಂದಿತ್ತು. ಗುಂಡಿನ ಘಟನೆಯ ಬಳಿಕ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತಾಡಿದರು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು. ಜವಾಬ್ದಾರಿ ಸರ್ಕಾರಕ್ಕೆ ಮಾತ್ರ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಅದರ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿಯವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು.

'ಉಳುವವನೇ ಹೊಲದೊಡೆಯ' ಅಂದರಲ್ಲ, ನಮ್ಮ ತಾತ ಉಳುತ್ತಿದ್ದ ಜಮೀನು ನಮ್ಮ ಹೆಸರಿಗೆ ಯಾಕೆ ಬರಲಿಲ್ಲ?

ಅತಿ ಹೆಚ್ಚು ಬಾರಿ ಕೇಳಿಬರುವ ಪ್ರಶ್ನೆ ಇದು, ಕೇಳುವವರ ದನಿಯಲ್ಲಿ ನೋವಿರುತ್ತದೆ. ಉತ್ತರ ನಿಮ್ಮ ತಾತನ ಜಮೀನು ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಹಳೆ ಮೈಸೂರಿನಲ್ಲಿ ರೈತನೇ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ರೈತವಾರಿ ಪದ್ಧತಿಯಿದ್ದರೂ ಎಷ್ಟೋ ಜೋಡಿ (ಕಡಿಮೆ ಕಂದಾಯದ) ಗ್ರಾಮಗಳು, ಸರ್ವಮಾನ್ಯ (ಕಂದಾಯವಿಲ್ಲದ) ಗ್ರಾಮಗಳು ಇನಾಂದಾರರ ಕೈಯಲ್ಲಿದ್ದವು. ವೈಯಕ್ತಿಕ ಇನಾಂಗಳನ್ನು 1954ರ ಕಾಯಿದೆ, ಧಾರ್ಮಿಕ ಇನಾಂಗಳನ್ನು 1955ರ ಕಾಯಿದೆ ರದ್ದುಪಡಿಸಿದವು. ಮುಜರಾಯಿ ದೇವಸ್ಥಾನಗಳಿಗೆ ಇಂದಿಗೂ ಸಂದಾಯವಾಗುವ ತಸ್ತೀಕ್ ಹೀಗೆ ಕಳೆದುಕೊಂಡ ಜಮೀನಿಗೆ ಬದಲಾಗಿ ಕೊಡುವ ಹಣ. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಇವರಿಗಿದ್ದ ನೌಕರಿ ಇನಾಂಗಳ ವಿಚಾರ 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಗೆ ಸೇರಿತು. ಖಾಸಗಿ ಗೇಣಿ ಜಮೀನಾದರೆ ಭೂಸುಧಾರಣಾ ಕಾಯಿದೆ. ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು, ಅಂದರೆ ಸರ್ಕಾರದ್ದಾಯಿತು. ಗೇಣಿದಾರ ಫಾರಂ ನಂಬರ್ 7 ಹಾಕಿ ಭೂ ನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ರುಜುವಾತು ಮಾಡಬೇಕಿತ್ತು. ಬಡವನಿಗೆ ವಕೀಲರ ಹೊರೆ ಬೀಳಬಾರದೆಂದು ಮಂಡಳಿಯ ಮುಂದೆ ವಕೀಲರು ಹಾಜರಾಗುವುದನ್ನೇ ಮೊದಲಿಗೆ ನಿಷೇಧಿಸಿದ್ದರು.

ಹಳೆಯ ಕೈಬರಹದ ಪಹಣಿ ಸಿಕ್ಕರೆ ತೆರೆದು ನೋಡಿ. ಕಾಲಂ 9ರಲ್ಲಿ ಕಬ್ಜೆದಾರನ, ಅಂದರೆ ದಾಖಲೆಯ ಪ್ರಕಾರದ ಒಡೆಯನ, ಹೆಸರಿರುತ್ತದೆ, ಕಾಲಂ 12ರಲ್ಲಿ ಆ ವರ್ಷ ಸಾಗುವಳಿ ಮಾಡಿದವನ ಹೆಸರು. ಈ ಕಾಲಂ 12ನ್ನು ತುಂಬುತ್ತಿದ್ದವರು ಶಾನುಭೋಗರು, ಆಮೇಲೆ ಗ್ರಾಮಲೆಕ್ಕಿಗರು. ಮಾಲೀಕನ ಮನೆಯ ಜಗಲಿಯಲ್ಲಿ ಕೂತು ಬರೆದಾಗ ಅಲ್ಲಿ 'ಸ್ವಂತ' ಎಂದು ಬೀಳುತ್ತಿತ್ತು, ಇಪ್ಪತ್ತು ವರ್ಷ ಉತ್ತವನ ಹೆಸರು ಬೀಳುತ್ತಿರಲಿಲ್ಲ. ಗೇಣಿಗೆ ರಸೀದಿಯಿಲ್ಲ, ಕರಾರು ಬಾಯಿಮಾತಿನದು. ಎಷ್ಟೋ ಮಂದಿ ದಣಿಯ ಮುಖ ನೋಡಿ ಅರ್ಜಿಯನ್ನೇ ಹಾಕಲಿಲ್ಲ. ಕೂಲಿಯಾಳಾಗಿ ದುಡಿದವರಿಗೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ, ಅವರು ಗೇಣಿದಾರರಲ್ಲ. ಆ ಕೂಲಿಗಳಲ್ಲಿ ಹೆಚ್ಚಿನವರು ದಲಿತರು. ಕರ್ನಾಟಕದ ಭೂಸುಧಾರಣೆ ದೇಶದ ಉತ್ತಮ ಸುಧಾರಣೆಗಳಲ್ಲಿ ಒಂದು ಎಂದು ನಾನು ದೃಢವಾಗಿ ನಂಬುತ್ತೇನೆ. ಅದು ಗೇಣಿದಾರನ ಹೊಸ್ತಿಲಲ್ಲಿ ನಿಂತಿತು, ಕೂಲಿಯವನ ಗುಡಿಸಲವರೆಗೆ ಬರಲಿಲ್ಲ ಎಂಬುದೂ ಅಷ್ಟೇ ನಿಜ.

ಎಸ್‌ಸಿ, ಎಸ್‌ಟಿಯವರು ಮಾರಿದ ಮಂಜೂರಾತಿ ಜಮೀನನ್ನು ವಾಪಸ್ ಕೊಡಿಸುವುದು ನ್ಯಾಯವೇ? ದುಡ್ಡು ಕೊಟ್ಟು ಕೊಂಡವರ ಗತಿ ಏನು?

1978ರ ಪಿಟಿಸಿಎಲ್ ಕಾಯಿದೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧ ಕಾಯಿದೆ) ಬಂದದ್ದು, ಸರ್ಕಾರ ಮಂಜೂರು ಮಾಡಿದ ಜಮೀನು ಮದುವೆಯ ಸಾಲಕ್ಕೋ ಕಾಯಿಲೆಯ ಖರ್ಚಿಗೋ ಕೈತಪ್ಪುತ್ತಿದ್ದುದನ್ನು ತಡೆಯಲು. ಷರತ್ತು ಮುರಿದು ನಡೆದ ಪರಭಾರೆ, ಅಂದರೆ ಬೇರೆಯವರಿಗೆ ಆದ ವರ್ಗಾವಣೆ, ಅಸಿಂಧು. ಬಹಳ ವರ್ಷ ತಡವಾಗಿ ಬಂದ ಅರ್ಜಿಗಳನ್ನು ಪುರಸ್ಕರಿಸಲಾಗದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಲಮಿತಿ ಅನ್ವಯಿಸದೆಂದು 2023ರಲ್ಲಿ ರಾಜ್ಯ ಶಾಸನಸಭೆ ತಿದ್ದುಪಡಿ ತಂದಿತು. ಬೆಂಗಳೂರಿನ ಬೆಲೆ ಮಾಲೂರು, ಚಿಕ್ಕಬಳ್ಳಾಪುರದವರೆಗೆ ಹಬ್ಬಿರುವ ಈಗ ಎರಡೂ ಕಡೆಯ ಕಷ್ಟ ನಿಜವಾದದ್ದೇ. ಆದರೂ, ಮಂಜೂರಾತಿ ಆದೇಶದಲ್ಲಿಯೇ ಪರಭಾರೆ ನಿಷೇಧ ಬರೆದಿರುವಾಗ ಅದನ್ನು ಓದದೆ ಕೊಂಡವನ ನಷ್ಟವನ್ನೂ ಓದಲು ಬಾರದೆ ಮಾರಿದವನ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿಡಲು ನನ್ನಿಂದಾಗದು.

## ಇನ್ನಷ್ಟು ಆಳದ ಪ್ರಶ್ನೆಗಳು

ಒಂದು ಮಠದ ಜಮೀನಿನ ಮೊಕದ್ದಮೆಯಿಂದ ಸಂವಿಧಾನ ಉಳಿಯಿತು ಅನ್ನುತ್ತಾರೆ. ಅದು ಹೇಗೆ?

ಜಮೀನ್ದಾರಿ ರದ್ದತಿಯ ಕಾನೂನುಗಳು ನ್ಯಾಯಾಲಯದಲ್ಲಿ ಬೀಳದಿರಲೆಂದು 1951ರ ಮೊದಲನೆಯ ತಿದ್ದುಪಡಿಯೇ ಒಂಬತ್ತನೆಯ ಅನುಸೂಚಿಯನ್ನು ಸೃಷ್ಟಿಸಿತು. 1967ರ ಗೋಲಕನಾಥ್ ತೀರ್ಪು, ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸುವಂತಿಲ್ಲ ಎಂದಿತು. ಅದೂ ಪಂಜಾಬಿನ ಒಂದು ಕುಟುಂಬದ ಜಮೀನಿನ ಪ್ರಕರಣ. ಆಮೇಲೆ ಬಂದವರು ಕನ್ನಡ ಮಾತಾಡುವ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಮಠದ ಭೂಮಿಗೆ ಕೇರಳದ ಭೂಸುಧಾರಣಾ ಕಾನೂನು ಅನ್ವಯವಾಯಿತು. ಧಾರ್ಮಿಕ ಸಂಸ್ಥೆಯನ್ನು ನಡೆಸುವ ಹಕ್ಕು ಮತ್ತು ಆಸ್ತಿಯ ಹಕ್ಕುಗಳನ್ನು ಮುಂದಿಟ್ಟು ಅವರು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪು ಕೊಟ್ಟಿತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ. ಕೇರಳದ ಕಾನೂನುಗಳಿಗೆ ರಕ್ಷಣೆ ಕೊಟ್ಟ ತಿದ್ದುಪಡಿ ಊರ್ಜಿತವಾಯಿತು, ಆದ್ದರಿಂದ ಮಠ ಕೇಳಿದ ಪರಿಹಾರ ಅದಕ್ಕೆ ದೊರೆಯಲಿಲ್ಲ. ದೇಶದ ಪ್ರತಿ ಪ್ರಜೆಗೂ ದೊರೆತದ್ದು ಅದಕ್ಕಿಂತ ದೊಡ್ಡದು. ಮುಂದೆ 1978ರ 44ನೆಯ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದು 300ಎ ವಿಧಿಯಡಿ ಸಾಮಾನ್ಯ ಸಾಂವಿಧಾನಿಕ ಹಕ್ಕಾಯಿತು.

ಹೆಣ್ಣುಮಕ್ಕಳ ಪಾಲಿನ ವಿಚಾರ ಮನೆಯ ವಿಚಾರ, ಅದನ್ನೂ ಈ ಹೋರಾಟಗಳ ಸಾಲಿಗೆ ಸೇರಿಸಬೇಕೇ?

ಖಂಡಿತ ಸೇರಿಸಬೇಕು. ಆಸ್ತಿಯ ಉತ್ತರಾಧಿಕಾರ ನಮ್ಮ ದೇಶದಲ್ಲಿ ಧರ್ಮಕ್ಕೊಂದು ಕಾನೂನಿನಂತೆ ನಡೆಯುತ್ತದೆ. ಹೀಗಾಗಿ ಮಗಳು ಪಾಲು ಕೇಳಿದಾಗ ಭೂಮಿ, ಧರ್ಮ, ಹಕ್ಕು ಮೂರೂ ಒಂದೇ ಜಗಲಿಯ ಮೇಲೆ ಬಂದು ಕೂರುತ್ತವೆ. ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೇ ಜಾರಿಯಾಯಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೆಂಬ ಗೊಂದಲವನ್ನು 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು ನಿವಾರಿಸಿತು. ಮುಸ್ಲಿಮರಿಗೆ ಅನ್ವಯಿಸುವ 1937ರ ಷರಿಯತ್ ಕಾಯಿದೆ ತನ್ನ ವ್ಯಾಪ್ತಿಯಿಂದ ಕೃಷಿಭೂಮಿಯನ್ನೇ ಕೈಬಿಟ್ಟಿತ್ತು ಎಂಬುದನ್ನು ಗಮನಿಸಿ. ಇನ್ನು, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ಯಾವ ಉಪನೋಂದಣಿ ಕಚೇರಿಯ ಮುಂದೆಯೂ ಕಾಣುತ್ತದೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಹಾಕಿದ ಆ ಸಹಿಯನ್ನು ಸ್ವಇಚ್ಛೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈಗ ಜಮೀನು ಹೋಗುತ್ತಿರುವುದು ಕಂಪನಿಗಳಿಗೆ, ಸೋಲಾರ್‌ಗೆ. ಇದೂ ಹಳೆಯ ಹೋರಾಟದ ಮುಂದುವರಿಕೆಯೇ?

ಹೌದು, ಆದರೆ ಪಾತ್ರಧಾರಿಗಳು ಬದಲಾಗಿದ್ದಾರೆ. ಪಾವಗಡದ ತಿರುಮಣಿಯ ಸುತ್ತಲಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಎದ್ದಿತು. ಅಲ್ಲಿ ಜಮೀನನ್ನು ಸ್ವಾಧೀನ ಮಾಡದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗುವ ಬಾಡಿಗೆಗೆ ಪಡೆದರು. ಮೇಲಿಂದ ಮೇಲೆ ಬರ ಬೀಳುವ ಸೀಮೆಯಲ್ಲಿ ಒಡೆತನ ರೈತರಲ್ಲಿಯೇ ಉಳಿದದ್ದು ಒಳ್ಳೆಯದಾಯಿತು. ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಕಡಲೆಕಾಯಿ ಕೀಳುತ್ತಿದ್ದ ಕೂಲಿಗೆ, ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಆ ಕರಾರಿನಲ್ಲಿ ಜಾಗವಿಲ್ಲ. 2013ರ ಭೂಸ್ವಾಧೀನ ಕಾಯಿದೆ ಕೃಷಿ ಕೂಲಿಕಾರರನ್ನೂ ಬಾಧಿತ ಕುಟುಂಬವೆಂದು ಎಣಿಸುತ್ತದೆ, ಆದರೆ ಸ್ವಾಧೀನವೇ ಇಲ್ಲದಿದ್ದಾಗ ಅದು ಅನ್ವಯಿಸುವುದಿಲ್ಲ. 1974ರಲ್ಲಿ ಹೊರಗುಳಿದವರೇ ಮತ್ತೊಮ್ಮೆ ಹೊರಗುಳಿದಿದ್ದಾರೆ.

ಇನ್ನೊಂದೆಡೆ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ರದ್ದು ಮಾಡಲಾಯಿತು. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 1,777 ಎಕರೆ ಸ್ವಾಧೀನದ ಪ್ರಸ್ತಾವವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಡುವಂತೆ ಮಾಡಿದರು. ಇಂಥ ಹೋರಾಟ ಗೆಲ್ಲುವುದಿಲ್ಲ ಎನ್ನುವವರಿಗೆ ನಾನು ಈಗ ಕೊಡುವ ಉತ್ತರ ಆ ಹೋಬಳಿಯೇ.

ನಮ್ಮೂರಿನ ಜಮೀನಿನ ಚರಿತ್ರೆ ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?

ಸರ್ವೆ ನಂಬರಿನಿಂದ ಶುರು ಮಾಡಿ. ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಮತ್ತು ಟಿಪ್ಪಣಿಯ (ಅಳತೆಯ ನಕ್ಷೆಯ) ನಕಲನ್ನು ಭೂಮಾಪನ ಇಲಾಖೆಯಲ್ಲಿ, ಕೈಬರಹದ ಪಹಣಿ ಮತ್ತು ಮ್ಯುಟೇಷನ್ (ಹಕ್ಕು ಬದಲಾವಣೆ) ವಹಿಗಳ ನಕಲನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳಿ. ಇನಾಂ ಗ್ರಾಮವಾಗಿದ್ದರೆ ಇನಾಂ ರದ್ದತಿಯ ಆದೇಶವನ್ನೂ, ಗೇಣಿ ಜಮೀನಾಗಿದ್ದರೆ ಭೂ ನ್ಯಾಯಮಂಡಳಿಯ ಆದೇಶವನ್ನೂ ಹುಡುಕಿ. ಪ್ರಕರಣದ ಸಂಖ್ಯೆ ಗೊತ್ತಿಲ್ಲದಿದ್ದರೆ ಮ್ಯುಟೇಷನ್ ವಹಿಯ ಷರಾ ಕಾಲಂನಲ್ಲಿ ಅದರ ಸುಳಿವು ಸಿಗಬಹುದು. ಅದಕ್ಕೂ ಹಿಂದಿನ ಕಾಲಕ್ಕೆ ಹೋಗಬೇಕಾದರೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಜಿಲ್ಲೆಯ ಸಂಪುಟ 1905ರಲ್ಲಿ, ತುಮಕೂರು ಜಿಲ್ಲೆಯದು 1904ರಲ್ಲಿ ಬಿ.ಎಲ್. ರೈಸ್ ಅವರ ಸಂಪಾದಕತ್ವದಲ್ಲಿ ಪ್ರಕಟವಾಗಿವೆ. ಈಗಿನ ಚಿಕ್ಕಬಳ್ಳಾಪುರ ಜಿಲ್ಲೆ 2007ರವರೆಗೆ ಕೋಲಾರದ ಭಾಗವಾಗಿದ್ದುದರಿಂದ ಅಲ್ಲಿನ ಊರುಗಳನ್ನೂ ಕೋಲಾರದ ಸಂಪುಟದಲ್ಲಿಯೇ ನೋಡಬೇಕು. ಶಾಸನಗಳು ತಾಲ್ಲೂಕುವಾರು ಇವೆ. ನಿಮ್ಮೂರಿನ ಹೆಸರು ಹಳೆಯ ಕಾಗುಣಿತದಲ್ಲಿರಬಹುದು, ಆದ್ದರಿಂದ ಕೆರೆಯ ಹೆಸರನ್ನೂ ಅಕ್ಕಪಕ್ಕದ ಊರುಗಳ ಹೆಸರನ್ನೂ ಜೊತೆಗಿಟ್ಟುಕೊಂಡು ಹುಡುಕಿ. ಊರಿನಲ್ಲಿ ಎಪ್ಪತ್ತೈದು ದಾಟಿದವರು ಯಾರಾದರೂ ಇದ್ದರೆ ಕಚೇರಿಗೆ ಹೋಗುವ ಮೊದಲು ಅವರ ಬಳಿ ಕೂತು, 1974ರಲ್ಲಿ ಯಾರು ಯಾರು ಅರ್ಜಿ ಹಾಕಿದರು, ಯಾರು ಹಾಕಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಅರ್ಜಿ ಹಾಕದವರ ಹೆಸರು ಯಾವ ರೆಕಾರ್ಡ್ ರೂಮಿನಲ್ಲಿಯೂ ಸಿಗುವುದಿಲ್ಲ.